‘ನ್ಯೂರೋಟಿಕ್’ ಎಂದರೆ ಕಾಯಿಲೆಯೇ, ಬೈಗುಳವೇ? ಆ ಪದದ ಬೇರು ನೆಟ್ಟ ವಿಲಿಯಂ ಕಲನ್ ಕಥೆ

ಪುಣೆಯಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ವಿಜಯಪುರ ಕಡೆಯ ಒಬ್ಬ ಅಕ್ಕ ಪ್ರತಿ ತಿಂಗಳು ಬಿಪಿ ಮಾತ್ರೆಗೆ ಬರುತ್ತಾರೆ. ಕನ್ನಡದಲ್ಲಿ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದು ಎರಡು ನಿಮಿಷ ಹೆಚ್ಚೇ ನಿಲ್ಲುತ್ತಾರೆ. ಕೆಲವು ತಿಂಗಳ ಹಿಂದೆ ಬಂದವರು ಚೀಟಿಯ ಬದಲು ಫೋನ್ ಚಾಚಿದರು. ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ, ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ ಎಂದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಂಡಿದ್ದರಂತೆ. ಅದಕ್ಕೆ ಮಗ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದಿದ್ದ. ಅಮ್ಮ ಸ್ವಲ್ಪ ನ್ಯೂರೋಟಿಕ್, ಯಾರೂ ತಲೆ ಕೆಡಿಸಿಕೊಳ್ಳಬೇಡಿ ಎಂಬುದು ಅದರ ಸಾರ. ಅಕ್ಕ ಆ ಪದವನ್ನು ಅನುವಾದದ ಆ್ಯಪ್‌ಗೆ ಹಾಕಿ ನೋಡಿದ್ದರು. ಅದು ‘ನರರೋಗಿ’ ಎಂದು ತೋರಿಸಿತ್ತು. ನರಗಳೇ ಹೋಗಿವೆ ಎಂದು ಗಾಬರಿಯಾಗಿ, ನರಕ್ಕೆ ಶಕ್ತಿ ಬರುವ ಮಾತ್ರೆ ಕೇಳಲು ಬಂದಿದ್ದರು.

(ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.)

ಇಲ್ಲಿ ತಪ್ಪು ಯಾರದು? ಮಗ ಆ ಪದವನ್ನು ಲಘುವಾಗಿ ಬಳಸಿದ. ಆ್ಯಪ್ ಅದನ್ನು ಅಕ್ಷರಕ್ಕೆ ಅಕ್ಷರ ಇಟ್ಟು ತಿರುಗಿಸಿತು. ಇಬ್ಬರ ನಡುವೆ ಅಕ್ಕನ ನಿಜವಾದ ತೊಂದರೆ ಕಳೆದುಹೋಯಿತು. ಔಷಧಿಗಳ ಮಾಹಿತಿ ಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನೂ ಮಾಡುವ ನನಗೆ ಈ ಪದ ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಹಾಗಾಗಿ ಈ ಬಾರಿ ಪದದ ಅರ್ಥವನ್ನಷ್ಟೇ ಹೇಳದೆ, ಅದರ ಮೂಲಪದವಾದ ‘ನ್ಯೂರೋಸಿಸ್’ ಅನ್ನು ವೈದ್ಯಕೀಯಕ್ಕೆ ಕೊಟ್ಟ ವ್ಯಕ್ತಿಯ ಬದುಕನ್ನು ಹೇಳುತ್ತೇನೆ. ಅವರ ಹೆಸರು ವಿಲಿಯಂ ಕಲನ್. ಊರು ಸ್ಕಾಟ್‌ಲೆಂಡ್.

ಔಷಧಿ ಅಂಗಡಿಯಿಂದ ಶುರುವಾದ ಬದುಕು

ಕಲನ್ ಹುಟ್ಟಿದ್ದು 1710ರ ಏಪ್ರಿಲ್ 15ರಂದು, ಗ್ಲಾಸ್ಗೋ ನಗರಕ್ಕೆ ಹತ್ತಿರದ ಹ್ಯಾಮಿಲ್ಟನ್ ಎಂಬ ಪಟ್ಟಣದಲ್ಲಿ. ತಂದೆ ವಕೀಲರು. ಊರಿನ ದೊಡ್ಡ ಜಮೀನುದಾರರಾದ ಹ್ಯಾಮಿಲ್ಟನ್ ಡ್ಯೂಕ್ ಮನೆತನದ ಆಸ್ತಿಪಾಸ್ತಿಯ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದರು. ಊರಿನ ಶಾಲೆ ಮುಗಿಸಿ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ, ಅಲ್ಲಿಯೇ ಜಾನ್ ಪೈಸ್ಲಿ ಎಂಬ ಶಸ್ತ್ರವೈದ್ಯರ ಕೈಕೆಳಗೆ ಕೆಲಸ ಕಲಿತ. ಆ ಕಾಲದಲ್ಲಿ ಶಸ್ತ್ರವೈದ್ಯರೇ ಔಷಧಿಯನ್ನೂ ಅರೆದು, ಕುದಿಸಿ, ತೂಗಿ ಕೊಡುತ್ತಿದ್ದರು. ಅಂದರೆ ಕಲನ್ ಮೊದಲು ಕಲಿತದ್ದು ನಮ್ಮ ಕಸುಬನ್ನೇ.

1729ರಲ್ಲಿ ಲಂಡನ್‌ಗೆ ಹೋಗಿ, ವೆಸ್ಟ್ ಇಂಡೀಸ್ ಕಡೆಗೆ ಹೊರಟಿದ್ದ ವ್ಯಾಪಾರಿ ಹಡಗಿನಲ್ಲಿ ವೈದ್ಯರಾಗಿ ಸೇರಿಕೊಂಡರು. ಮರಳಿ ಬಂದ ಮೇಲೆ ಲಂಡನ್ನಿನ ಒಂದು ಔಷಧಿ ಅಂಗಡಿಯಲ್ಲಿ ಸಹಾಯಕರಾಗಿದ್ದರು. ಆಮೇಲೆ ಸ್ಕಾಟ್‌ಲೆಂಡ್‌ಗೆ ಹಿಂದಿರುಗಿ, ಸ್ವಲ್ಪ ಕಾಲ ಹಳ್ಳಿಗಾಡಿನಲ್ಲಿ ವೈದ್ಯ ಮಾಡಿ, 1734ರಿಂದ 1736ರವರೆಗೆ ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿದರು. ಓದು ಮುಗಿದ ಮೇಲೆ ಸ್ವಂತ ಊರಿನಲ್ಲೇ ರೋಗಿಗಳನ್ನು ನೋಡತೊಡಗಿದರು. ಅಲ್ಲಿ ಅವರ ಜೊತೆ ಮೂರು ವರ್ಷ ಇದ್ದ ವಿಲಿಯಂ ಹಂಟರ್ ಮುಂದೆ ಲಂಡನ್ನಿನ ಹೆಸರಾಂತ ಅಂಗರಚನಾ ತಜ್ಞರಾದರು. ಕಲನ್ 1740ರಲ್ಲಿ ಗ್ಲಾಸ್ಗೋದಿಂದ ಎಂ.ಡಿ. ಪದವಿ ಪಡೆದರು. ಮರುವರ್ಷ ಆನಾ ಜಾನ್‌ಸ್ಟನ್ ಅವರೊಡನೆ ಮದುವೆ. ಮನೆ ತುಂಬ ಮಕ್ಕಳಾದರು.

1744ರಲ್ಲಿ ಕುಟುಂಬ ಗ್ಲಾಸ್ಗೋಗೆ ಬಂತು. ಅಲ್ಲಿ ಕಲನ್ ಮಾಡಿದ ಒಂದು ಕೆಲಸ ಅನುವಾದಕರಾದ ನಮ್ಮಂಥವರಿಗೆ ಬಹಳ ಹತ್ತಿರದ್ದು. ಆಗ ಯುರೋಪಿನಲ್ಲಿ ವೈದ್ಯಕೀಯ ಪಾಠವೆಂದರೆ ಲ್ಯಾಟಿನ್‌ನಲ್ಲೇ ಆಗಬೇಕು. ಕಲನ್ ಆ ರೂಢಿ ಬಿಟ್ಟು ವಿದ್ಯಾರ್ಥಿಗಳ ಆಡುಭಾಷೆಯಾದ ಇಂಗ್ಲಿಷಿನಲ್ಲಿ ಪಾಠ ಹೇಳಿದರು. ಬ್ರಿಟನ್ನಿನಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಅವರೊಬ್ಬರು. ಇವತ್ತು ನಮಗೆ ಇಂಗ್ಲಿಷೇ ದೂರದ ವೈದ್ಯಕೀಯ ಭಾಷೆಯಾಗಿ ಕಾಣುತ್ತದೆ. ಒಂದು ಕಾಲಕ್ಕೆ ಅದೂ ಪಾಠಕ್ಕೆ ಸಲ್ಲದ ಮನೆಮಾತು ಎನಿಸಿಕೊಂಡಿತ್ತು.

1747ರಲ್ಲಿ ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರಕ್ಕಾಗಿಯೇ ಉಪನ್ಯಾಸಗಳು ಆರಂಭವಾದವು. ಅದನ್ನು ವಹಿಸಿಕೊಂಡವರು ಕಲನ್. ಅವರ ಶಿಷ್ಯ ಜೋಸೆಫ್ ಬ್ಲ್ಯಾಕ್ ಮುಂದೆ ಗುಪ್ತ ಶಾಖವನ್ನು ಕಂಡುಹಿಡಿದರು. ಕಲನ್ ಸ್ವತಃ ಇನ್ನೊಂದು ಪ್ರಯೋಗ ಮಾಡಿದ್ದರು. ಗಾಳಿ ಹೀರುವ ಪಂಪಿನ ಕೆಳಗೆ ಈಥರ್ ದ್ರವವನ್ನು ಬೇಗ ಆವಿಯಾಗಿಸಿದರೆ ಸುತ್ತಲಿನ ನೀರು ಹೆಪ್ಪುಗಟ್ಟುತ್ತದೆ ಎಂದು ತೋರಿಸಿ, ಅದನ್ನು 1756ರಲ್ಲಿ ಪ್ರಕಟಿಸಿದರು. ಕೃತಕವಾಗಿ ತಂಪು ಮಾಡುವ ವಿದ್ಯೆಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಈ ಪ್ರಯೋಗದಿಂದಲೇ ಶುರು ಮಾಡುತ್ತಾರೆ. ನಮ್ಮ ಅಂಗಡಿಯಲ್ಲಿ ಇನ್ಸುಲಿನ್ ಇಡುವ ಫ್ರಿಜ್ ಕೆಲಸ ಮಾಡುವುದೂ ಅದೇ ತತ್ತ್ವದ ಮೇಲೆ.

ಎಡಿನ್‌ಬರೊ ದಿನಗಳು

1755ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಅವರನ್ನು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಎರಡು ವರ್ಷದಲ್ಲಿ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಯ ಪಕ್ಕದಲ್ಲೇ ಪಾಠ ಹೇಳತೊಡಗಿದರು. 1766ರಲ್ಲಿ ವೈದ್ಯಕೀಯ ಸಿದ್ಧಾಂತದ, 1773ರಲ್ಲಿ ಚಿಕಿತ್ಸಾಶಾಸ್ತ್ರದ ಪ್ರಾಧ್ಯಾಪಕ ಪೀಠ ಅವರಿಗೆ ಬಂತು. ಅಮೆರಿಕದಿಂದಲೂ ಹುಡುಗರು ಹಡಗು ಹತ್ತಿ ಅವರ ಪಾಠಕ್ಕೆ ಬರುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ವೈದ್ಯ ಬೆಂಜಮಿನ್ ರಶ್ ಅವರ ಶಿಷ್ಯರೇ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಮತ್ತು ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ ಸ್ನೇಹಿತರಾಗಿದ್ದರು. ಹ್ಯೂಮ್ ಅವರ ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರಲ್ಲಿ ಕಲನ್ ಕೂಡ ಇದ್ದರು.

ಆ ಕಾಲದ ವೈದ್ಯರಿಗೆ ಒಂದು ದೊಡ್ಡ ತಲೆನೋವಿತ್ತು. ರೋಗಗಳು ಎಷ್ಟು, ಯಾವುದು ಯಾವುದಕ್ಕೆ ನೆಂಟು? ಸ್ವೀಡನ್ನಿನ ಲಿನೇಯಸ್ ಗಿಡಗಳನ್ನು ವರ್ಗ, ಗಣ, ಜಾತಿ ಎಂದು ಒಪ್ಪವಾಗಿ ಜೋಡಿಸಿ ತೋರಿಸಿದ್ದರು. ರೋಗಗಳನ್ನೂ ಹಾಗೇ ಜೋಡಿಸೋಣ ಎಂದು ಹಲವರು ಹೊರಟಿದ್ದರು. ಫ್ರಾನ್ಸಿನ ಸೊವಾಜ್ ಎಂಬ ವೈದ್ಯರ ಪಟ್ಟಿ ಸಾವಿರಗಟ್ಟಲೆ ರೋಗಗಳಿಗೆ ಬೆಳೆದು, ಬಳಸುವುದೇ ಕಷ್ಟವಾಗಿತ್ತು. ಕಲನ್ ಅದನ್ನು ಕತ್ತರಿಸಿ ನಾಲ್ಕೇ ವರ್ಗಕ್ಕೆ ಇಳಿಸಿದರು. 1769ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹೊರಬಂದ ಅವರ ರೋಗ ವರ್ಗೀಕರಣದ ಪುಸ್ತಕದಲ್ಲಿ ಜ್ವರಗಳದ್ದು ಒಂದು ವರ್ಗ. ಇಡೀ ಶರೀರ ಸೊರಗುವ ಕಾಯಿಲೆಗಳದ್ದು ಒಂದು. ಒಂದೇ ಜಾಗಕ್ಕೆ ಸೇರಿದ ಕಾಯಿಲೆಗಳದ್ದು ಇನ್ನೊಂದು. ಉಳಿದದ್ದಕ್ಕೆ ಅವರು ಇಟ್ಟ ಹೆಸರು ‘ನ್ಯೂರೋಸಿಸ್’, ಬಹುವಚನದಲ್ಲಿ ‘ನ್ಯೂರೋಸೀಸ್’.

‘ನರ’ ಎಂದರೆ ಯಾವುದು?

‘ನ್ಯೂರಾನ್’ ಗ್ರೀಕ್ ಪದ. ಹಳೆಯ ಗ್ರೀಕಿನಲ್ಲಿ ಅದಕ್ಕೆ ಮೊದಲಿದ್ದ ಅರ್ಥ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಬಿಲ್ಲಿನ ಹೆದೆಗೂ ಅದೇ ಮಾತು. ಮೆದುಳಿನಿಂದ ಹೊರಡುವ ನರ ಎಂಬ ಅರ್ಥ ಬಂದದ್ದು ಆಮೇಲೆ. ನಮ್ಮ ಕನ್ನಡದ ‘ನರ’ವೂ ಹೀಗೇ ಎಲ್ಲ ಕೆಲಸಕ್ಕೂ ಒದಗುವ ಪದ. ಕೈಮೇಲೆ ನರ ಉಬ್ಬಿದೆ ಎಂದರೆ ಅದು ರಕ್ತನಾಳ. ಕತ್ತಿನ ನರ ಹಿಡಿದುಕೊಂಡಿದೆ ಎಂದರೆ ಬಹುತೇಕ ಸ್ನಾಯು. ನರ ವೀಕ್ ಆಗಿದೆ ಎಂದರೆ ಕೈಕಾಲು ಜುಮ್ಮೆನ್ನುವುದೂ ಇರಬಹುದು, ಧೈರ್ಯ ಸಾಲದಿರುವುದೂ ಇರಬಹುದು. ಅಂಗಡಿಯ ಮುಂದೆ ನಿಂತು ನರದ ಮಾತ್ರೆ ಕೊಡಿ ಎನ್ನುವವರನ್ನು ಯಾವ ನರ ಎಂದು ಕೇಳದೆ ಏನನ್ನೂ ಕೊಡಬಾರದು ಎಂಬುದು ನಾನು ಕಲಿತ ಪಾಠ.

ಕಲನ್ ಮಟ್ಟಿಗೆ ‘ನ್ಯೂರೋಸಿಸ್’ ಎಂದರೆ ನರಮಂಡಲದ ಕಾಯಿಲೆ, ಅಷ್ಟೇ. ಅದಕ್ಕೆ ಅವರು ಇಟ್ಟ ಗುರುತುಗಳು ಮೂರು. ಸಂವೇದನೆ ಅಥವಾ ಚಲನೆಯಲ್ಲಿ ಏರುಪೇರು ಇರಬೇಕು. ಮೂಲದಲ್ಲಿ ಜ್ವರ ಇರಬಾರದು. ಯಾವುದೋ ಒಂದು ಅಂಗ ಕೆಟ್ಟು ಬಂದದ್ದಾಗಿರದೆ, ನರಮಂಡಲಕ್ಕೇ ಹೆಚ್ಚು ವ್ಯಾಪಕವಾಗಿ ಆದ ತೊಂದರೆ ಆಗಿರಬೇಕು. ಮನುಷ್ಯನ ಜೀವಶಕ್ತಿ ನರಗಳ ಮೂಲಕವೇ ಹರಿಯುತ್ತದೆ, ಅದು ಏರಿದರೂ ಕಾಯಿಲೆ, ಇಳಿದರೂ ಕಾಯಿಲೆ ಎಂಬುದು ಅವರ ನಂಬಿಕೆ.

ಈ ಚೀಲದೊಳಗೆ ಅವರು ಹಾಕಿದ್ದನ್ನು ನೋಡಿದರೆ ಇವತ್ತು ಆಶ್ಚರ್ಯವಾಗುತ್ತದೆ. ಪಾರ್ಶ್ವವಾಯು, ಮೂರ್ಛೆರೋಗ, ಧನುರ್ವಾಯು, ಉಬ್ಬಸ, ನಾಯಿಕೆಮ್ಮು, ಎದೆಬಡಿತ, ಅಜೀರ್ಣ, ಕಾಲರಾ, ಮಧುಮೇಹ, ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್, ಹಿಸ್ಟೀರಿಯಾ, ಆಳವಾದ ಖಿನ್ನತೆ, ಉನ್ಮಾದ ಎಲ್ಲವೂ ಅದರಲ್ಲಿದ್ದವು. ಹರೆಯದ ಹುಡುಗಿಯರು ಬಿಳಿಚಿಕೊಂಡು ಸುಸ್ತಾಗುವ ‘ಕ್ಲೋರೋಸಿಸ್’ ಕೂಡ ಅಲ್ಲಿಯೇ ಇತ್ತು. ಅದು ಬಹುಮಟ್ಟಿಗೆ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಎಂದು ಮುಂದೆ ತಿಳಿಯಿತು.

ಮುಂದಿನ ಎರಡು ಶತಮಾನಗಳಲ್ಲಿ ಆ ಚೀಲದಿಂದ ಒಂದೊಂದೇ ಕಾಯಿಲೆ ಹೊರಬಂತು. ಕಾಲರಾ ಮತ್ತು ಧನುರ್ವಾಯುಗೆ ಬ್ಯಾಕ್ಟೀರಿಯಾ ಕಾರಣ ಎಂದು ಗೊತ್ತಾಯಿತು. ರೇಬೀಸ್‌ಗೆ 1885ರಲ್ಲಿ ಪಾಶ್ಚರ್ ಲಸಿಕೆ ಕೊಟ್ಟರು. 1922ರಲ್ಲಿ ಮಧುಮೇಹದ ರೋಗಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಕಾರಣ ಗೊತ್ತಾದದ್ದೆಲ್ಲ ಹೊರಗೆ ಹೋಗಿ, ಕಾರಣ ಕಾಣದ್ದು ಮಾತ್ರ ಒಳಗೆ ಉಳಿಯಿತು. ಕಾರಣ ಕಾಣದ ಕಾಯಿಲೆಯನ್ನು ಜನ ಹೇಗೆ ನೋಡುತ್ತಾರೆ ಎಂಬುದು ನಿಮಗೇ ಗೊತ್ತು. ನಿಜವಲ್ಲ, ನಾಟಕ, ಎಲ್ಲ ಮನಸ್ಸಿನದು ಎಂಬ ಮಾತುಗಳು ಹುಟ್ಟುವುದು ಅಲ್ಲಿಂದಲೇ.

ನಗಬೇಡಿ ಎಂದ ವೈದ್ಯ

ಕಲನ್ ಅವರನ್ನು ಇವತ್ತು ನೆನೆಯಲು ನನಗೆ ದೊಡ್ಡ ಕಾರಣ ಅವರ ವರ್ಗೀಕರಣವಲ್ಲ. 1777ರಿಂದ 1784ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ ಅವರ ಚಿಕಿತ್ಸಾ ಗ್ರಂಥದಲ್ಲಿ ‘ಹೈಪೊಕಾಂಡ್ರಿಯಾಸಿಸ್’ ಎಂಬ ಕಾಯಿಲೆಯ ಭಾಗವಿದೆ. ತನಗೆ ಏನೋ ದೊಡ್ಡ ರೋಗವಿದೆ ಎಂದು ಸದಾ ಭಯಪಡುವ, ಮೈಯಲ್ಲಿ ಆಗುವ ಸಣ್ಣ ಬದಲಾವಣೆಗೂ ಕಿವಿಗೊಟ್ಟು ಕೂರುವ ಸ್ಥಿತಿ ಅದು. ಇಂಥ ರೋಗಿಯ ಬಗ್ಗೆ ಕಲನ್ ವೈದ್ಯರಿಗೆ ಕೊಟ್ಟ ಸಲಹೆ ಇಂದಿಗೂ ಓದುವಂತಿದೆ.

ಭಯಕ್ಕೆ ಆಧಾರ ಇಲ್ಲದಿರಬಹುದು, ಆದರೆ ರೋಗಿಗೆ ಮೈಯಲ್ಲಿ ಆಗುತ್ತಿರುವ ಅನುಭವ ಬಹಳ ಸಲ ನಿಜವಾದದ್ದೇ ಎಂದು ಅವರು ಬರೆದರು. ಆ ಹೆದರಿಕೆ ರೋಗಿಯ ಕೈಮೀರಿ ಬರುತ್ತದೆ, ಆದ್ದರಿಂದ ವಾದ ಮಾಡಿ ಅದನ್ನು ಓಡಿಸಲು ಆಗುವುದಿಲ್ಲ ಎಂದರು. ಹಾಸ್ಯ ಮಾಡುವುದಂತೂ ಅಪಾಯ, ಅದನ್ನು ಎಂದೂ ಬಳಸಕೂಡದು ಎಂದು ಎಚ್ಚರಿಸಿದರು. ಅದರ ಬದಲು ರೋಗಿಯ ಗಮನವನ್ನು ಮೈಯಿಂದ ಬೇರೆ ಕಡೆಗೆ ಮೆಲ್ಲಗೆ ತಿರುಗಿಸಬೇಕು. ಕುದುರೆ ಸವಾರಿ, ಊರೂರು ಪ್ರಯಾಣ, ಕೈಗೊಂದು ಕೆಲಸ ಇವು ಅವರು ಹೇಳಿದ ದಾರಿಗಳು.

ಇದು ಪುಸ್ತಕದ ಮಾತಷ್ಟೇ ಆಗಿರಲಿಲ್ಲ. ದೂರದ ಊರುಗಳಿಂದ ರೋಗಿಗಳು, ಅವರ ವೈದ್ಯರು ಕಲನ್ ಅವರಿಗೆ ಕಾಗದ ಬರೆದು ಸಲಹೆ ಕೇಳುತ್ತಿದ್ದರು. ನಾವು ಈಗ ಫೋನಿನಲ್ಲಿ ಡಾಕ್ಟರನ್ನು ಕೇಳುವ ಹಾಗೆ, ಆಗ ಅಂಚೆಯಲ್ಲಿ ಕೇಳುವ ಪದ್ಧತಿ ಇತ್ತು. ಬಂದ ಕಾಗದಗಳನ್ನು ಕಲನ್ ಜೋಪಾನ ಮಾಡಿದರು, ತಾವು ಬರೆದ ಉತ್ತರಗಳ ನಕಲನ್ನೂ ಇಟ್ಟುಕೊಂಡರು. ಉಗಿಯಂತ್ರಕ್ಕೆ ಹೆಸರಾದ ಜೇಮ್ಸ್ ವಾಟ್ ಕಾಗದದ ಪ್ರತಿ ತೆಗೆಯುವ ಒಂದು ಯಂತ್ರ ಮಾಡಿದ್ದರು. 1781ರ ಹೊತ್ತಿಗೇ ಕಲನ್ ಅದನ್ನು ಬಳಸತೊಡಗಿದ್ದರು. ಎಡಿನ್‌ಬರೊದ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿ ಆ ಸಾವಿರಾರು ಕಾಗದಗಳು ಇವತ್ತಿಗೂ ಇವೆ, ಈಗ ಅಂತರ್ಜಾಲದಲ್ಲೂ ಓದಬಹುದು. 1784ರಲ್ಲಿ ಇಂಗ್ಲಿಷ್ ನಿಘಂಟಿನ ಕರ್ತೃ ಸ್ಯಾಮ್ಯುಯೆಲ್ ಜಾನ್ಸನ್ ಕಾಯಿಲೆ ಬಿದ್ದಾಗ, ಅವರ ಪರವಾಗಿ ಸಲಹೆ ಕೇಳಿ ಬರೆದ ಕಾಗದವೂ ಕಲನ್ ಅವರ ಬಾಗಿಲಿಗೆ ಬಂದಿತ್ತು.

ಔಷಧಿ ಶಾಸ್ತ್ರ ಓದಿದವರಿಗೆ ಇನ್ನೊಂದು ಸಂಗತಿ ಕುತೂಹಲ ಹುಟ್ಟಿಸುತ್ತದೆ. ‘ಪ್ಲಸೀಬೊ’ ಎಂಬ ಮಾತನ್ನು ವೈದ್ಯಕೀಯದಲ್ಲಿ ಮೊದಮೊದಲು ಬಳಸಿದವರಲ್ಲಿ ಕಲನ್ ಒಬ್ಬರು. 1772ರ ಪಾಠಗಳಲ್ಲಿ ಅದು ಬರುತ್ತದೆ. ವಾಸಿಯಾಗುವ ಭರವಸೆ ಇಲ್ಲದ ರೋಗಿಗೂ ಸಮಾಧಾನಕ್ಕಾಗಿ ಏನಾದರೂ ಕೊಡಬೇಕಾಗುತ್ತದೆ ಎಂಬ ಅರ್ಥದಲ್ಲಿ ಅವರು ಹಾಗೆಂದರು. ಅವರು ಕೊಟ್ಟದ್ದು ಬರೀ ಸಕ್ಕರೆ ಗುಳಿಗೆಯಲ್ಲ, ಸಾಸಿವೆಯಂಥ ನಿಜವಾದ ಮದ್ದೇ. ಇದರಿಂದ ಕಾಯಿಲೆ ಹೋಗದು ಎಂದು ತಿಳಿದೂ, ರೋಗಿಯ ಮನಸ್ಸಿಗಾಗಿ ಕೊಡುತ್ತಿದ್ದರು. ಇವತ್ತಿನ ನೀತಿಯಲ್ಲಿ ರೋಗಿಗೆ ತಿಳಿಸದೆ ಹಾಗೆ ಕೊಡುವುದು ಸರಿಯಲ್ಲ.

ಶಿಷ್ಯರು, ಜಗಳಗಳು, ಒಂದು ಅಡಿಟಿಪ್ಪಣಿ

ಕಲನ್ ಅವರದು ಎಲ್ಲರೊಂದಿಗೂ ಹೊಂದಿಕೊಂಡ ಬದುಕೇನಲ್ಲ. ಜಾನ್ ಬ್ರೌನ್ ಎಂಬ ಬಡ ವಿದ್ಯಾರ್ಥಿಯನ್ನು ಅವರು ಮನೆಗೆ ಸೇರಿಸಿಕೊಂಡು, ಮಕ್ಕಳಿಗೆ ಪಾಠ ಹೇಳಲು ಇಟ್ಟುಕೊಂಡಿದ್ದರು. ಮುಂದೆ ಅವನೇ ತಿರುಗಿಬಿದ್ದ. ಗುರುವಿನ ನರಶಕ್ತಿಯ ವಿಚಾರವನ್ನೇ ಎತ್ತಿಕೊಂಡು, ಎಲ್ಲ ಕಾಯಿಲೆಯೂ ಪ್ರಚೋದನೆ ಹೆಚ್ಚಾದದ್ದು ಇಲ್ಲವೇ ಕಡಿಮೆಯಾದದ್ದು ಎಂದು ಸರಳ ಮಾಡಿ 1780ರಲ್ಲಿ ಪುಸ್ತಕ ತಂದ. ಅಫೀಮು ಮತ್ತು ಮದ್ಯವನ್ನು ಧಾರಾಳವಾಗಿ ಕೊಡುವುದು ಅವನ ಪದ್ಧತಿ. ಯುರೋಪಿನಲ್ಲಿ ಕೆಲಕಾಲ ಅದಕ್ಕೆ ಬಹಳ ಹೆಸರೂ ಬಂತು. ನರಕ್ಕೆ ಶಕ್ತಿ ಎಂಬ ಮಾತನ್ನು ಹಿಡಿದು ಮದ್ದು ಮಾರುವವರ ಸಾಲು ಅಷ್ಟು ಹಳೆಯದು.

ಇನ್ನೊಂದು ಪ್ರಸಂಗದ ಫಲ ನಮ್ಮ ದೇಶದ ಬೀದಿಬೀದಿಯಲ್ಲೂ ಇದೆ. 1789ರಲ್ಲಿ ಕಲನ್ ತಮ್ಮ ಔಷಧಿಶಾಸ್ತ್ರದ ದೊಡ್ಡ ಗ್ರಂಥವನ್ನು ಹೊರತಂದರು. ಮರುವರ್ಷ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿದವರು ಸ್ಯಾಮ್ಯುಯೆಲ್ ಹಾನೆಮನ್. ಮಲೇರಿಯಾ ತರಹದ ಚಳಿಜ್ವರಕ್ಕೆ ಬಳಸುತ್ತಿದ್ದ ಸಿಂಕೋನ ತೊಗಟೆ ತನ್ನ ಕಹಿ ಒಗರುಗಳಿಂದ ಹೊಟ್ಟೆಗೆ ಬಲ ಕೊಟ್ಟು ಕೆಲಸ ಮಾಡುತ್ತದೆ ಎಂದು ಕಲನ್ ಬರೆದಿದ್ದರು. ಹಾನೆಮನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ತಾವೇ ತೊಗಟೆ ತಿಂದು ನೋಡಿ, ತಮಗೆ ಚಳಿಜ್ವರದಂಥ ಲಕ್ಷಣಗಳೇ ಕಂಡವು ಎಂದು ಅನುವಾದದ ಅಡಿಟಿಪ್ಪಣಿಯಲ್ಲಿ ಬರೆದರು. ಹೋಮಿಯೋಪಥಿಯ ಹುಟ್ಟನ್ನು ಆ ಟಿಪ್ಪಣಿಗೇ ಜೋಡಿಸುತ್ತಾರೆ. ಆ ತೊಗಟೆಯಲ್ಲಿದ್ದ ಕ್ವಿನೈನ್ ಮಲೇರಿಯಾದ ಪರೋಪಜೀವಿಯನ್ನೇ ಕೊಲ್ಲುತ್ತದೆ ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಫ್ರಾನ್ಸಿನಲ್ಲಿ ಕಲನ್ ಅವರ ಚಿಕಿತ್ಸಾ ಗ್ರಂಥವನ್ನು 1785ರಲ್ಲಿ ಅನುವಾದಿಸಿದವರು ಫಿಲಿಪ್ ಪಿನೆಲ್. ಮುಂದೆ ಮಾನಸಿಕ ರೋಗಿಗಳನ್ನು ಮನುಷ್ಯರಂತೆ ನೋಡಬೇಕೆಂದು ಹೋರಾಡಿದ ವೈದ್ಯ ಎಂದು ಅವರಿಗೆ ಹೆಸರು ಬಂತು. ಅನುವಾದಕರ ಕೈಯಲ್ಲಿ ಒಂದು ಪುಸ್ತಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ.

ಕಲನ್ 1789ರ ಕೊನೆಯಲ್ಲಿ, ಸುಮಾರು ಎಂಬತ್ತರ ವಯಸ್ಸಿನಲ್ಲಿ, ಪ್ರಾಧ್ಯಾಪಕ ಹುದ್ದೆ ಬಿಟ್ಟರು. 1790ರ ಫೆಬ್ರುವರಿ 5ರಂದು ತೀರಿಕೊಂಡರು. ಎಡಿನ್‌ಬರೊ ಬಳಿಯ ಕರ್ಕ್‌ನ್ಯೂಟನ್ ಊರಿನ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ.

ಕಲನ್ ನಂತರ ಪದಕ್ಕೆ ಏನಾಯಿತು?

‘ನ್ಯೂರೋಟಿಕ್’ ಎಂಬ ಪದ ಇಂಗ್ಲಿಷಿಗೆ ಮೊದಲು ಬಂದಾಗ ಅದು ಮನುಷ್ಯರಿಗೆ ಅಂಟಿರಲಿಲ್ಲ. ನರಗಳ ಮೇಲೆ ಕೆಲಸ ಮಾಡುವ ಔಷಧಿಗೆ ಹಾಗೆ ಹೇಳುತ್ತಿದ್ದರು. ಕಾಯಿಲೆಯವರನ್ನು, ಸುಲಭಕ್ಕೆ ಅಳುಕುವ ಸ್ವಭಾವದವರನ್ನು ಹಾಗೆ ಕರೆಯುವುದು ರೂಢಿಯಾದದ್ದು 19ನೇ ಶತಮಾನದ ಕೊನೆಗೆ.

1869ರಲ್ಲಿ, ಕಲನ್ ಪುಸ್ತಕಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ, ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯ ‘ನ್ಯೂರಸ್ತೀನಿಯಾ’ ಎಂಬ ಮಾತನ್ನು ಬಳಕೆಗೆ ತಂದರು. ಅಕ್ಷರಶಃ ಅರ್ಥ ನರದೌರ್ಬಲ್ಯ. ನಗರದ ಓಟದ ಬದುಕಿನಲ್ಲಿ ನರಗಳ ಶಕ್ತಿ ಖರ್ಚಾಗಿ ಮನುಷ್ಯ ಬಳಲುತ್ತಾನೆ ಎಂಬುದು ಅವರ ವಾದ. ನಮ್ಮ ಗೋಡೆಗಳ ಮೇಲೆ, ಹಳೆಯ ಪತ್ರಿಕೆಗಳಲ್ಲಿ ಕಾಣುವ ನರದೌರ್ಬಲ್ಯದ ಜಾಹೀರಾತು ನೆನಪಾದರೆ ನೀವು ತಪ್ಪಿಲ್ಲ. ಆಮೇಲೆ ಬಂದ ಫ್ರಾಯ್ಡ್ ‘ನ್ಯೂರೋಸಿಸ್’ ಅನ್ನು ನರಗಳಿಂದ ಬಿಡಿಸಿ ಮನಸ್ಸಿಗೆ ಕಟ್ಟಿದರು. ಒಳಗೊಳಗೇ ನಡೆಯುವ ಘರ್ಷಣೆ ಅದಕ್ಕೆ ಕಾರಣ ಎಂದರು. ಪದದಲ್ಲಿ ನರ ಉಳಿಯಿತು, ಅರ್ಥದಲ್ಲಿ ನರ ಹೋಯಿತು. ಅನುವಾದದ ಆ್ಯಪ್ ಎಡವಿದ್ದು ಇಲ್ಲೇ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ‘ನ್ಯೂರೋಸಿಸ್’ ಎಂಬ ವರ್ಗವನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ರೋಗಪಟ್ಟಿಯಲ್ಲಿ ‘ನ್ಯೂರೋಟಿಕ್’ ಎಂಬ ಮಾತು ಒಂದು ಗುಂಪಿನ ತಲೆಬರಹವಾಗಿ ಉಳಿದಿತ್ತು. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪಟ್ಟಿಯಲ್ಲಿ ಆ ತಲೆಬರಹವೂ ಇಲ್ಲ. ಈಗ ವೈದ್ಯರು ಆತಂಕದ ಕಾಯಿಲೆ, ಪ್ಯಾನಿಕ್, ಗೀಳು ಕಾಯಿಲೆ ಎಂದು ಆಯಾ ತೊಂದರೆಯ ಹೆಸರನ್ನೇ ಹೇಳುತ್ತಾರೆ. ಹಳೆಯ ಫೈಲಿನಲ್ಲಿ ನ್ಯೂರೋಸಿಸ್ ಎಂದು ಬರೆದಿದ್ದರೆ ನರ ಸತ್ತಿದೆ ಎಂದಲ್ಲ, ಹುಚ್ಚು ಎಂದೂ ಅಲ್ಲ.

ಹಾಗಾದರೆ ಇಂದು ಈ ಪದದ ಬಳಕೆ ಹೇಗಿದೆ? ಮುಖ್ಯವಾಗಿ ಎರಡು ಕಡೆ.

ಒಂದು, ಮನೋವಿಜ್ಞಾನದಲ್ಲಿ. ಅಲ್ಲಿ ‘ನ್ಯೂರೋಟಿಸಿಸಂ’ ಎಂಬುದು ಸ್ವಭಾವದ ಒಂದು ಅಳತೆ. ಹಾನ್ಸ್ ಐಸೆಂಕ್ 1947ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಚಿಂತೆ, ಅಳುಕು, ಬೇಸರ ಕೆಲವರಿಗೆ ಬೇಗ ಬರುತ್ತವೆ, ಹೋಗಲು ಹೊತ್ತು ಹಿಡಿಯುತ್ತದೆ. ಎತ್ತರದಂತೆ ಇದೂ ಎಲ್ಲರಲ್ಲೂ ಹೆಚ್ಚು ಕಡಿಮೆ ಇರುತ್ತದೆ. ಇದು ಕಾಯಿಲೆಯಲ್ಲ. ಅಳತೆ ಹೆಚ್ಚಿರುವವರಿಗೆ ಆತಂಕ, ಖಿನ್ನತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡು, ಆಡುಮಾತಿನಲ್ಲಿ. ಅತಿಯಾಗಿ ಯೋಚಿಸುವ, ಪದೇ ಪದೇ ಕೇಳುವ, ಸುಮ್ಮನೆ ಗಾಬರಿಯಾಗುವ ವ್ಯಕ್ತಿಗೆ ಹಚ್ಚುವ ಹಣೆಪಟ್ಟಿ. ಹೆಚ್ಚಾಗಿ ಹೆಂಗಸರಿಗೇ ಹಚ್ಚುವುದನ್ನು ನಾನು ನೋಡಿದ್ದೇನೆ. ಈ ಪದದ ತಂದೆಯೇ ಇಂಥವರನ್ನು ನೋಡಿ ನಗಬೇಡಿ ಎಂದಿದ್ದರು. ಇವತ್ತು ನಗುವುದಕ್ಕೆ ಆ ಪದವೇ ಬಳಕೆಯಾಗುತ್ತಿದೆ.

ಕನ್ನಡದಲ್ಲಿ ಏನೆನ್ನೋಣ?

ಸ್ವಭಾವದ ಮಾತಾದರೆ ‘ಬೇಗ ಆತಂಕಕ್ಕೆ ಒಳಗಾಗುವವರು’ ಅಥವಾ ‘ಮನಸ್ಸಿಗೆ ಬೇಗ ಹಚ್ಚಿಕೊಳ್ಳುವವರು’ ಎನ್ನಬಹುದು. ನಮ್ಮ ಮನೆಗಳಲ್ಲಿ ‘ಅಳ್ಳೆದೆಯವರು’ ಎಂಬ ಮಾತೂ ಇದೆ, ಆದರೆ ಅದರಲ್ಲಿ ಸ್ವಲ್ಪ ಕೀಳುಗಾಣಿಕೆ ಇದೆ. ಕಾಯಿಲೆಯ ಮಾತಾದರೆ ‘ಆತಂಕದ ಕಾಯಿಲೆ’ ಎಂದು ನೇರವಾಗಿ ಹೇಳಿ. ‘ನರರೋಗ’, ‘ನರದೌರ್ಬಲ್ಯ’ ಎಂಬ ಮಾತುಗಳನ್ನು ಇಲ್ಲಿ ಬಳಸಬೇಡಿ. ಅವು ಓದುವವರನ್ನು ತಪ್ಪು ಡಾಕ್ಟರ ಬಳಿಗೆ, ಇಲ್ಲವೇ ತಪ್ಪು ಮಾತ್ರೆಯ ಕಡೆಗೆ ಕಳಿಸುತ್ತವೆ.

ಔಷಧಿಯ ವಿಷಯಕ್ಕೆ ಬಂದರೆ ನಾಲ್ಕು ಮಾತು ನೆನಪಿಡಿ.

ನರದ ಮಾತ್ರೆ ಎಂದು ಜನ ಕೇಳುವುದು ಸಾಮಾನ್ಯವಾಗಿ ಬಿ12 ಮುಂತಾದ ಬಿ ವಿಟಮಿನ್‌ಗಳನ್ನು. ಕೊರತೆ ಇದ್ದವರಿಗೆ ಅವು ಬೇಕೇ ಬೇಕು. ಆತಂಕಕ್ಕೆ ಅವು ಮದ್ದಲ್ಲ.

ಎದೆಬಡಿತ, ನಡುಕ, ನಿದ್ದೆಗೇಡು ಇವು ಆತಂಕದಿಂದಲೇ ಬರಬೇಕೆಂದಿಲ್ಲ. ಥೈರಾಯ್ಡ್ ಹೆಚ್ಚಾದರೂ, ರಕ್ತಹೀನತೆ ಇದ್ದರೂ, ಹೃದಯದ ಲಯ ತಪ್ಪಿದರೂ ಬರಬಹುದು. ಉಬ್ಬಸದ ಸಾಲ್ಬುಟಮಾಲ್, ಹೆಚ್ಚು ಕಾಫಿ, ಟೀ ಕೂಡ ಕಾರಣವಾಗಬಹುದು. ಎದೆನೋವು, ಉಸಿರು ಸಿಗದಿರುವುದು, ತಲೆಸುತ್ತಿ ಬೀಳುವುದು ಜೊತೆಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಅಲ್ಪ್ರಜೋಲಮ್‌ನಂಥ ಮಾತ್ರೆಗಳನ್ನು ಚೀಟಿ ಇಲ್ಲದೆ ಕೇಳಬೇಡಿ, ಪಕ್ಕದ ಮನೆಯವರಿಂದ ತೆಗೆದುಕೊಳ್ಳಬೇಡಿ. ಅವು ಅಭ್ಯಾಸವಾಗುತ್ತವೆ. ಬಹಳ ದಿನ ತೆಗೆದುಕೊಂಡವರು ತಟ್ಟನೆ ನಿಲ್ಲಿಸುವುದೂ ಅಪಾಯ. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಆತಂಕಕ್ಕೆ ಕೊಡುವ ಇತರ ಹಲವು ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನದಲ್ಲಿ ಗುಣ ಕಾಣಲಿಲ್ಲ ಎಂದು ಬಿಡಬೇಡಿ. ಮಾತಿನ ಚಿಕಿತ್ಸೆಯೂ ಅಷ್ಟೇ ಮುಖ್ಯ. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದೇಶದ ಯಾವ ಊರಿನಿಂದಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.

ಅಕ್ಕನ ವಿಷಯ ಹೇಳದೆ ಮುಗಿಸಲಾರೆ. ಅಂದು ನಾನು ಅವರಿಗೆ ಯಾವ ಮಾತ್ರೆಯನ್ನೂ ಕೊಡಲಿಲ್ಲ. ನರ ಹೋಗಿದೆ ಎಂದು ಆ ಪದದ ಅರ್ಥವಲ್ಲ ಎಂದು ಹೇಳಿ, ಮೊದಲು ಡಾಕ್ಟರಿಗೆ ತೋರಿಸಿ ಎಂದೆ. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಬಹಳ ಕಡಿಮೆ ಇತ್ತು. ಜೊತೆಗೆ ಯಜಮಾನರು ತೀರಿಕೊಂಡ ಮೇಲೆ ಒಳಗೇ ಇಟ್ಟುಕೊಂಡಿದ್ದ ಭಯವೂ ಇತ್ತು. ಎರಡೂ ನಿಜ, ಎರಡಕ್ಕೂ ಚಿಕಿತ್ಸೆ ನಡೆದಿದೆ. ಈಗ ಕಬ್ಬಿಣದ ಮಾತ್ರೆಗೆ ಬರುವಾಗ ಕೆಲವು ಸಲ ಮಗನೂ ಜೊತೆಗೆ ಬರುತ್ತಾನೆ. ಎಲ್ಲ ರಾತ್ರಿಯೂ ನಿದ್ದೆ ಚೆನ್ನಾಗಿ ಬರುತ್ತದೆ ಎಂದೇನಿಲ್ಲ. ಆದರೆ ಎದೆ ಹೊಡೆದುಕೊಂಡಾಗ ಗುಂಪಿನಲ್ಲಿ ಬರೆಯುವುದಿಲ್ಲವಂತೆ, ಪಕ್ಕದ ಕೋಣೆಯಲ್ಲಿರುವ ಮಗನನ್ನು ಕೂಗಿ ಎಬ್ಬಿಸುತ್ತಾರಂತೆ. ಅವನು ಎದ್ದು ಬಂದು ಪಕ್ಕದಲ್ಲಿ ಕೂರುತ್ತಾನಂತೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಹಣೆಪಟ್ಟಿ ಅಂಟಿದ್ದರೆ, ಅದನ್ನು ಕಿತ್ತು, ಅವರಿಗೆ ಏನಾಗುತ್ತಿದೆ ಎಂದು ಒಮ್ಮೆ ಕೇಳಿ ನೋಡಿ.